ತಂತಿಯಿಲ್ಲದ ಉಪಕರಣ: ಮನೆಯ ಮರಗೆಲಸಕ್ಕೆ ಹಿತವೆಷ್ಟು, ಹೊರೆಯೆಷ್ಟು?

ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನು ನಾವೆಲ್ಲರೂ ಬಲ್ಲೆವು. ಆದರೆ ಕಾಯಕದ ಕೈಯಲ್ಲಿರುವ ಉಪಕರಣಕ್ಕೂ ಅವರ ನಡುವೆ ಒಂದು ಗೌರವದ ಸ್ಥಾನವಿತ್ತೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಬಾಚಿ ಕಾಯಕದ ಬಸವಯ್ಯನೆಂಬ ಶರಣನಿದ್ದಾನೆ. ಮರವನ್ನು ಕೆತ್ತುವ ಬಾಚಿಯೇ ಆತನ ಹೆಸರಿನ ಭಾಗವಾಗಿ ಉಳಿದಿದೆ. ಆತನ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿ. ಬಿದಿರನ್ನು ಸೀಳಿ ಬದುಕಿದ ಮೇದಾರ ಕೇತಯ್ಯನನ್ನೂ ಇಲ್ಲಿ ಸ್ಮರಿಸಬಹುದು. ಕುಲಗೋತ್ರಗಳಿಂದ ಮನುಷ್ಯನನ್ನು ಗುರುತಿಸುತ್ತಿದ್ದ ಕಾಲದಲ್ಲಿ ಕೈಯೊಳಗಿನ ಉಪಕರಣದಿಂದ ಆತನನ್ನು ಗುರುತಿಸಿದ ಪರಂಪರೆ ನಮ್ಮದು.

ಈ ಮಾತನ್ನು ಎತ್ತಲು ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಮೈಸೂರಿನ ಅನೇಕ ಮನೆಗಳಲ್ಲಿ ಮರಗೆಲಸವು ಹವ್ಯಾಸವಾಗಿ ಬೆಳೆಯುತ್ತಿರುವುದನ್ನು ನಾವು ಸಂತೋಷದಿಂದ ಗಮನಿಸಿದ್ದೇವೆ. ಸೇವೆಯಿಂದ ನಿವೃತ್ತರಾದ ಅಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು, ಕಂಪ್ಯೂಟರಿನ ಮುಂದೆ ದಿನವಿಡೀ ಕುಳಿತು ಬೇಸತ್ತ ತರುಣ ತರುಣಿಯರು ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ ಮುಂತಾದ ಬಡಾವಣೆಗಳ ಹಿತ್ತಿಲಲ್ಲಿಯೋ ಮಾಳಿಗೆಯ ಮೇಲೆಯೋ ಒಂದು ಮೇಜು ಹಾಕಿಕೊಂಡು ಪುಸ್ತಕದ ಕಪಾಟು, ಪೂಜೆಯ ಮಣೆ, ಗ್ರಂಥಪೀಠ, ಮೊಮ್ಮಕ್ಕಳ ಪುಟ್ಟ ಕುರ್ಚಿ ಇವುಗಳನ್ನು ತಾವೇ ಮಾಡುತ್ತಿದ್ದಾರೆ. ಅವರಲ್ಲಿ ಹಲವರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: “ಮನೆಯಲ್ಲಿರುವ ತಂತಿಯ ಡ್ರಿಲ್ಲು, ಗರಗಸಗಳನ್ನೆಲ್ಲ ಕೊಟ್ಟು ಬ್ಯಾಟರಿಯವುಗಳನ್ನು ಕೊಳ್ಳಬಹುದೇ?” ಪ್ರಶ್ನೆ ಸಣ್ಣದೆಂದು ತೋರುತ್ತದೆ. ಆದರೆ ಇದರಲ್ಲಿ ಮನೆಯ ಹಣವಿದೆ, ಕೆಲಸ ಮಾಡುವವರ ಕೈಬೆರಳುಗಳಿವೆ, ಪಕ್ಕದಲ್ಲಿ ನಿಂತು ನೋಡುವ ಮಕ್ಕಳ ಕ್ಷೇಮವಿದೆ. ಆದ್ದರಿಂದ ಇದನ್ನು ಸಾವಧಾನವಾಗಿ ವಿಚಾರ ಮಾಡುವುದು ಯೋಗ್ಯವೆಂದು ಬಗೆದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೈಸೂರಿನ ಮರ, ಮೈಸೂರಿನ ವಿದ್ಯುತ್ತು

ಮರವೂ ವಿದ್ಯುತ್ತೂ ಮೈಸೂರಿಗೆ ಹಳೆಯ ನೆಂಟರು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಈಗಿನ ಅರಮನೆ ಏಳತೊಡಗಿ 1912ರಲ್ಲಿ ಪೂರ್ಣಗೊಂಡಿತು. ಅದರ ಕೆತ್ತನೆಯ ಬಾಗಿಲುಗಳ ಮುಂದೆ ನಿಂತವರಿಗೆ ಈ ನಾಡಿನ ಬಡಗಿಗಳ ಕೈಚಳಕ ಎಂತಹುದೆಂದು ಬೇರೆ ಹೇಳಬೇಕಾಗಿಲ್ಲ. 1906ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಭವ್ಯ ಕಟ್ಟಡ ಸಯ್ಯಾಜಿರಾವ್ ರಸ್ತೆಯಲ್ಲಿ ಇಂದಿಗೂ ನಿಂತಿದೆ. ಮೈಸೂರಿನ ಬೀಟೆಮರದ ಕೂಡಿಸು ಕಲೆಗೆ 2005ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಹಿಂದೆ ಆನೆಯ ದಂತವನ್ನು ಕೂಡಿಸುತ್ತಿದ್ದ ಕುಶಲಕರ್ಮಿಗಳು ದಂತದ ವ್ಯಾಪಾರ ನಿಷಿದ್ಧವಾದ ಮೇಲೆ ಬಣ್ಣ ಬಣ್ಣದ ಬೇರೆ ಮರಗಳ ತೆಳುಚೂರುಗಳನ್ನು ಬಳಸಿ ಆ ಕಲೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಎಲೆ, ಹೂವು, ಆನೆ, ಹಸುಗಳ ಆಕಾರವನ್ನು ಕೂದಲೆಳೆಯಂತಹ ಅಲಗಿನ ಪುಟ್ಟ ಗರಗಸದಿಂದ ಅವರು ಕೈಯಲ್ಲಿಯೇ ಕೊಯ್ಯುತ್ತಾರೆ.

ವಿದ್ಯುತ್ತಿನ ಕಥೆಯೂ ಇಷ್ಟೇ ಹಿರಿಮೆಯದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬೆಳಕು ಬಂದಿತು. ಗಣಿಯ ಯಂತ್ರಗಳನ್ನು ತಿರುಗಿಸಿದ ಅದೇ ಶಕ್ತಿ ಕ್ರಮೇಣ ಮರ ಕೊಯ್ಯುವ ಗಿರಣಿಗಳಿಗೂ, ಚನ್ನಪಟ್ಟಣದ ಗೊಂಬೆಯ ಚರಕಿಗಳಿಗೂ, ಕಡೆಗೆ ಬಡಗಿಯ ಕೈಯೊಳಗಿನ ಸಲಕರಣೆಗೂ ಬಂದು ಸೇರಿತು. ಚರಕಿಯಂತಹ ಯಂತ್ರ ನೆಲದಲ್ಲಿ ಸ್ಥಿರವಾಗಿ ನಿಂತಿರುತ್ತದೆ. ಅದಕ್ಕೆ ತಂತಿ ತೊಡಕೇ ಅಲ್ಲ. ಕೈಯಲ್ಲಿ ಹಿಡಿದು ಓಡಾಡಿಸುವ ಉಪಕರಣಕ್ಕೆ ಮಾತ್ರ ತಂತಿ ಕಾಲಿಗೆ ತೊಡರುವ ಬಳ್ಳಿಯಾಗುತ್ತದೆ. ಸ್ಥಿರವಾದುದು ಯಾವುದು, ಚಲಿಸುವುದು ಯಾವುದು ಎಂಬ ಈ ಭೇದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾವು ಮುಂದೆ ಹೇಳಲಿರುವ ಸಲಹೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ತಂತಿ ಕಳಚಿದ ಬಗೆ

ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು 1895ರಲ್ಲಿ ಜರ್ಮನಿಯ ಫೈನ್ ಸಂಸ್ಥೆ ತಯಾರಿಸಿತು. ಬಂದೂಕಿನಂತೆ ಹಿಡಿಕೆಯೂ ಬೆರಳಿನಿಂದ ಒತ್ತುವ ಸ್ವಿಚ್ಚೂ ಉಳ್ಳ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆ 1917ರಲ್ಲಿ ಹಕ್ಕುಪತ್ರ ಪಡೆಯಿತು. ಇಂದಿಗೂ ನಾವು ಹಿಡಿಯುವ ಡ್ರಿಲ್ಲಿನ ರೂಪ ಅದೇ. ಅದೇ ಸಂಸ್ಥೆ 1961ರಲ್ಲಿ ಬ್ಯಾಟರಿಯಿಂದ ನಡೆಯುವ ಡ್ರಿಲ್ಲನ್ನು ಹೊರತಂದಿತು. ಹತ್ತು ವರ್ಷಗಳ ಬಳಿಕ, 1971ರಲ್ಲಿ, ಅಪೊಲೊ 15ರ ಗಗನಯಾತ್ರಿಗಳು ಚಂದ್ರನ ನೆಲವನ್ನು ಕೊರೆದದ್ದು ಬ್ಯಾಟರಿಯ ಡ್ರಿಲ್ಲಿನಿಂದಲೇ. ಪ್ಲಗ್ಗು ಚುಚ್ಚಲು ಅಲ್ಲಿ ಗೋಡೆಯಾದರೂ ಎಲ್ಲಿದೆ?

ಆದರೆ ಆ ಕಾಲದ ಬ್ಯಾಟರಿಗಳು ನಿಕ್ಕಲ್ ಮತ್ತು ಕ್ಯಾಡ್ಮಿಯಂ ಲೋಹಗಳವು. ಭಾರವಾದವು, ಬೇಗ ಸೋರುವಂತಹವು. ಅರ್ಧ ಬಳಸಿ ಮತ್ತೆ ಮತ್ತೆ ಚಾರ್ಜು ಮಾಡಿದರೆ ಅವುಗಳ ಧಾರಣಶಕ್ತಿ ಕುಂದುವುದೆಂದು ಬಳಕೆದಾರರು ದೂರುತ್ತಿದ್ದರು. ಕ್ಯಾಡ್ಮಿಯಂ ವಿಷಕಾರಿ ಲೋಹವಾದ ಕಾರಣ ಯೂರೋಪಿನ ಒಕ್ಕೂಟವು 2016ರ ಅಂತ್ಯದ ಬಳಿಕ ಇಂತಹ ಉಪಕರಣಗಳಲ್ಲಿಯೂ ಅದರ ಮಾರಾಟಕ್ಕೆ ತಡೆಹಾಕಿತು. ಅಷ್ಟರಲ್ಲಿ ಲಿಥಿಯಂ ಬ್ಯಾಟರಿ ಬಂದಿತ್ತು. 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. 2005ರ ಸುಮಾರಿಗೆ ಅದು ಮರಗೆಲಸದ ಉಪಕರಣಗಳಿಗೆ ಇಳಿಯಿತು. ಈ ಬ್ಯಾಟರಿಗೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಲಿಥಿಯಂ ನಮಗೆ ತೀರ ದೂರದ ವಸ್ತುವೂ ಅಲ್ಲ. ಪಕ್ಕದ ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತಣ ಬಂಡೆಗಳಲ್ಲಿ 1,600 ಟನ್ನುಗಳಷ್ಟು ಲಿಥಿಯಂ ಇರುವ ಅಂದಾಜನ್ನು ಪರಮಾಣು ಖನಿಜಗಳ ನಿರ್ದೇಶನಾಲಯ 2021ರ ವೇಳೆಗೆ ಪ್ರಕಟಿಸಿತ್ತು.

ಹಿಡಿಯೊಳಗಿನ ಶಕ್ತಿಯ ಲೆಕ್ಕ

ಕೊಳ್ಳುವ ಮೊದಲು ಸ್ವಲ್ಪ ಲೆಕ್ಕ ಹಾಕಬೇಕು. ಹೆದರಬೇಕಾಗಿಲ್ಲ, ಗುಣಾಕಾರ ಬಲ್ಲವರಿಗೆ ಸಾಕು.

ಬ್ಯಾಟರಿಯ ಮೇಲೆ ವೋಲ್ಟ್ ಎಂದೂ ಆಂಪಿಯರ್-ಗಂಟೆ ಎಂದೂ ಎರಡು ಅಂಕೆಗಳಿರುತ್ತವೆ. ಒಂದನ್ನು ಇನ್ನೊಂದರಿಂದ ಗುಣಿಸಿದರೆ ಅದರೊಳಗಿನ ಒಟ್ಟು ಶಕ್ತಿ ವ್ಯಾಟ್-ಗಂಟೆಗಳಲ್ಲಿ ಸಿಗುತ್ತದೆ. 18 ವೋಲ್ಟಿನ, 5 ಆಂಪಿಯರ್-ಗಂಟೆಯ ದೊಡ್ಡ ಬ್ಯಾಟರಿಯಲ್ಲಿ 90 ವ್ಯಾಟ್-ಗಂಟೆ. 2 ಆಂಪಿಯರ್-ಗಂಟೆಯ ಸಣ್ಣದರಲ್ಲಿ 36. ನಮ್ಮ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ಟು ಎಂದರೆ 1,000 ವ್ಯಾಟ್-ಗಂಟೆ. ಅಂದರೆ ದೊಡ್ಡ ಬ್ಯಾಟರಿಯನ್ನು ಹನ್ನೊಂದು ಬಾರಿ ತುಂಬಿಸಿದರೂ ಹೆಚ್ಚುಕಡಿಮೆ ಒಂದು ಯೂನಿಟ್ಟು ಖರ್ಚಾಗುತ್ತದೆ. ವಿದ್ಯುತ್ತಿನ ವೆಚ್ಚ ಇಲ್ಲಿ ಲೆಕ್ಕಕ್ಕೇ ಬಾರದು. ನಿಜವಾದ ಬೆಲೆ ಬ್ಯಾಟರಿಯದೇ.

ಈಗ ಇನ್ನೊಂದು ಮುಖವನ್ನು ನೋಡೋಣ. ಹಲಗೆ ಸೀಳುವ ತಂತಿಯ ಚಕ್ರ ಗರಗಸ ಸಾಮಾನ್ಯವಾಗಿ 1,200 ವ್ಯಾಟಿನಷ್ಟು ಶಕ್ತಿಯನ್ನು ಎಳೆಯುತ್ತದೆ. ಅಷ್ಟೇ ಭಾರದ ಕೆಲಸವನ್ನು 90 ವ್ಯಾಟ್-ಗಂಟೆಯ ಬ್ಯಾಟರಿಯಿಂದ ಎಡೆಬಿಡದೆ ಮಾಡಿದರೆ ಅದು ನಾಲ್ಕೂವರೆ ನಿಮಿಷಕ್ಕೆ ಬರಿದಾಗುತ್ತದೆ. ಸಣ್ಣ ಬ್ಯಾಟರಿ ಎರಡು ನಿಮಿಷವೂ ಬಾಳದು. ಕೊಯ್ತವೊಂದು ಕೆಲವೇ ಕ್ಷಣಗಳದ್ದಾದ್ದರಿಂದಲೂ, ಕಾರ್ಬನ್ ಬ್ರಷ್‌ಗಳಿಲ್ಲದ ಹೊಸ ಬಗೆಯ ಮೋಟಾರುಗಳು ಶಕ್ತಿಯನ್ನು ಮಿತವಾಗಿ ಬಳಸುವುದರಿಂದಲೂ ವ್ಯವಹಾರದಲ್ಲಿ ಇದಕ್ಕಿಂತ ಹೆಚ್ಚು ಕೆಲಸ ನಡೆಯುತ್ತದೆ, ನಿಜ. ಆದರೂ ಗೋಡೆಯ ಪ್ಲಗ್ಗು ನದಿಯಂತೆ, ಬ್ಯಾಟರಿ ಕೊಡದಂತೆ. ಒಂದು ತಿರುಪುಮೊಳೆ ಬಿಗಿಯಲು ಕೊಡದ ನೀರು ಧಾರಾಳ. ಗದ್ದೆಗೆ ನೀರು ಹಾಯಿಸಲು ಸಾಲದು.

ಅಂಗಡಿಯ ಅಂಕೆಗಳ ಬಗೆಗೂ ಒಂದು ಮಾತು. ಲಿಥಿಯಂ ಬ್ಯಾಟರಿಯ ಒಂದೊಂದು ಕೋಶವೂ ಸುಮಾರು 3.6 ವೋಲ್ಟಿನದು. ಐದು ಕೋಶಗಳನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್. ಆಗತಾನೆ ತುಂಬಿದ ಕೋಶ 4 ವೋಲ್ಟಿಗಿಂತ ಮೇಲಿರುವುದರಿಂದ ಅದೇ ಬ್ಯಾಟರಿಯನ್ನು ಕೆಲವರು 20 ವೋಲ್ಟ್ ಎಂದೂ 21 ವೋಲ್ಟ್ ಎಂದೂ ಮಾರುತ್ತಾರೆ. ಮೂರು ಕೋಶಗಳದ್ದು 10.8, ಅದನ್ನೇ 12 ಎನ್ನುತ್ತಾರೆ. ಅಗ್ಗದ ಪೆಟ್ಟಿಗೆಗಳ ಮೇಲೆ 48 ಎಂದೂ 88 ಎಂದೂ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಅದನ್ನು ನಂಬಿ ಹಣ ತೆರಬಾರದು. ಬ್ಯಾಟರಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ ವ್ಯಾಟ್-ಗಂಟೆಯನ್ನು ನೋಡಬೇಕು. ಅದನ್ನು ಬರೆದೇ ಇಲ್ಲದಿದ್ದರೆ ಆ ಅಂಗಡಿಯಿಂದ ಹಿಂದಿರುಗುವುದೇ ಲೇಸು.

ಮೊದಲು ಯಾವುದು, ಆಮೇಲೆ ಯಾವುದು

ಹಾಗಾದರೆ ಬದಲಾಯಿಸಬೇಕೇ ಬೇಡವೇ? ಎಲ್ಲವನ್ನೂ ಒಮ್ಮೆಗೇ ಬದಲಾಯಿಸಬಾರದು. ಕೆಲಸವನ್ನು ನೋಡಿ ಒಂದೊಂದಾಗಿ ಬದಲಾಯಿಸಬೇಕು ಎಂಬುದೇ ನಮ್ಮ ಅಭಿಪ್ರಾಯ.

ಮೊದಲು ತಂತಿ ಕಳಚಬೇಕಾದದ್ದು ರಂಧ್ರ ಕೊರೆಯುವ ಮತ್ತು ತಿರುಪು ಬಿಗಿಯುವ ಡ್ರಿಲ್ಲಿಗೆ. ಇದು ಕ್ಷಣಕ್ಷಣಕ್ಕೂ ಎತ್ತಿ ಇಳಿಸುವ, ಕಪಾಟಿನ ಒಳಗೂ ಮೇಜಿನ ಅಡಿಗೂ ತೂರಿಸುವ ಉಪಕರಣ. ಇದಕ್ಕೆ ಬೇಕಾದ ಶಕ್ತಿಯೂ ಅಲ್ಪ. ತಂತಿಯ ಡ್ರಿಲ್ಲುಗಳಲ್ಲಿ ಬಹುಪಾಲು ಗೋಡೆ ಕೊರೆಯಲೆಂದು ವೇಗವಾಗಿ ತಿರುಗುವಂತಹವು. ತಿರುಪುಮೊಳೆಯನ್ನು ಮೆಲ್ಲನೆ ಬಿಗಿದು ಸರಿಯಾದ ಹಂತದಲ್ಲಿ ನಿಲ್ಲುವ ಕ್ಲಚ್ಚು ಅವುಗಳಲ್ಲಿ ಇರುವುದಿಲ್ಲ. ಬ್ಯಾಟರಿಯ ಡ್ರಿಲ್ಲಿನಲ್ಲಿ ಅದು ಇರುತ್ತದೆ. ಹಲಸು, ಸಿಲ್ವರ್ ಓಕ್, ತೇಗದಂತಹ ಮರಗಳಲ್ಲಿ ಮೊಳೆಯ ತಲೆ ಮುರಿಯದಂತೆ ಕೆಲಸ ಮಾಡಲು ಈ ಕ್ಲಚ್ಚು ದೊಡ್ಡ ಉಪಕಾರಿ. ಮನೆಯ ಹವ್ಯಾಸಕ್ಕೆ, ಅದರಲ್ಲಿಯೂ ಅರವತ್ತು ದಾಟಿದ ಮಣಿಕಟ್ಟುಗಳಿಗೆ, 12 ವೋಲ್ಟಿನ ಹಗುರ ಡ್ರಿಲ್ಲೇ ಸಾಕು. 18 ವೋಲ್ಟಿನ ದೊಡ್ಡ ಬ್ಯಾಟರಿಯೊಂದೇ ಅರ್ಧ ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯದಾಗಿ ಬದಲಾಯಿಸಬಹುದಾದದ್ದು ವಕ್ರರೇಖೆಗಳನ್ನು ಕೊಯ್ಯುವ ಜಿಗ್ ಗರಗಸ ಮತ್ತು ಅಂಚನ್ನು ಉರುಟಾಗಿಸುವ ಪುಟ್ಟ ರೂಟರು. ಇವು ಹಲಗೆಯ ಸುತ್ತ ತಿರುಗಾಡುವ ಉಪಕರಣಗಳು. ತಂತಿ ಹಲಗೆಯ ಮೂಲೆಗೆ ಸಿಕ್ಕಿ ಎಳೆದೊಡನೆ ಗೆರೆ ತಪ್ಪುತ್ತದೆ, ಗಂಟೆಗಳ ದುಡಿಮೆ ಕ್ಷಣದಲ್ಲಿ ಹಾಳಾಗುತ್ತದೆ.

ತಂತಿಯಲ್ಲಿಯೇ ಉಳಿಯಬೇಕಾದವು ಬಹುಹೊತ್ತು ಓಡುವವು, ಒಂದೆಡೆ ನಿಲ್ಲುವವು: ಉಜ್ಜುಕಾಗದದ ಯಂತ್ರ, ದೊಡ್ಡ ರೂಟರು, ಉಜ್ಜುಗೊರಡಿನ ಯಂತ್ರ, ಮೇಜಿನ ಗರಗಸ, ಹೊಟ್ಟು ಹೀರುವ ಯಂತ್ರ. ಒಂದು ಊಟದ ಮೇಜನ್ನು ನುಣುಪಾಗಿಸಲು ಒಂದು ಗಂಟೆ ಬೇಕು. ಅದಕ್ಕೆ ಬ್ಯಾಟರಿಗಳನ್ನು ಸಾಲಾಗಿ ನಿಲ್ಲಿಸುವುದು ಹಣದ ದುಂದು. ಹಳೆಯ ತಂತಿಯ ಯಂತ್ರ ಚೆನ್ನಾಗಿ ನಡೆಯುತ್ತಿದ್ದರೆ ಅದನ್ನು ಬಿಡಿಗಾಸಿಗೆ ಮಾರುವುದು ಅವಿವೇಕ. ಅದರ ಸವೆದ ಕಾರ್ಬನ್ ಬ್ರಷ್‌ಗಳನ್ನು ಅಲ್ಪ ಹಣಕ್ಕೆ ಬದಲಾಯಿಸಿದರೆ ಇನ್ನೂ ಅನೇಕ ವರ್ಷ ದುಡಿಯುತ್ತದೆ.

ಇನ್ನು ಉಳಿ, ಕೈಗರಗಸ, ಕೊಡತಿ, ಉಜ್ಜುಗೊರಡುಗಳ ಮಾತು. ತಂತಿಯಿಲ್ಲದ ಮೊದಲ ಉಪಕರಣಗಳು ಇವೇ ಅಲ್ಲವೇ? ಹತ್ತಾರು ಸಾವಿರ ರೂಪಾಯಿ ತೆತ್ತು ಯಂತ್ರಗಳನ್ನು ಕೊಂಡವರು ಮೂಲೆಮಟ್ಟ ಹಿಡಿದು ಗೆರೆ ಎಳೆಯಲಾರದೆ, ಉಳಿಯನ್ನು ಮಸೆಯಲಾರದೆ ಪರದಾಡುವುದನ್ನು ನಾವು ಕಂಡಿದ್ದೇವೆ. ಮಠದ ತೇರಿನ ಗಾಲಿಗಳನ್ನು ದುರಸ್ತಿ ಮಾಡಲು ಬರುತ್ತಿದ್ದ ಹಿರಿಯ ಬಡಗಿಗಳು ಬೆಳಗಿನ ಮೊದಲ ಹೊತ್ತನ್ನು ಉಳಿ ಬಾಚಿಗಳ ಮಸೆತಕ್ಕೇ ಮೀಸಲಿಡುತ್ತಿದ್ದುದನ್ನು ವಿದ್ಯಾರ್ಥಿ ದೆಸೆಯಲ್ಲಿ ನೋಡಿದ ನಮಗೆ ಆ ಶಿಸ್ತು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಲಿಯುವ ಮಕ್ಕಳ ಕೈಗೆ ಮೊದಲು ಕೊಡಬೇಕಾದದ್ದು ಇವುಗಳನ್ನೇ.

ಬ್ಯಾಟರಿಯ ನೆಂಟಸ್ತನ

ತಂತಿ ಹೋದೊಡನೆ ಅವಲಂಬನೆ ಹೋಯಿತೆಂದು ಭಾವಿಸಬಾರದು. ಅದು ಗೋಡೆಯಿಂದ ಬ್ಯಾಟರಿಗೆ ಸ್ಥಳಾಂತರವಾಗುತ್ತದೆ, ಅಷ್ಟೆ. ತಂತಿಯ ಉಪಕರಣ ಯಾವ ಕಂಪನಿಯದಾದರೂ ನಮ್ಮ ಮನೆಯ 230 ವೋಲ್ಟಿನ ಪ್ಲಗ್ಗಿಗೆ ಕೂಡುತ್ತದೆ. ಬ್ಯಾಟರಿಯ ಸಂಗತಿ ಹಾಗಿಲ್ಲ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಮತ್ತೊಂದರ ಉಪಕರಣಕ್ಕೆ ಕೂಡದು. ಒಂದೇ ಕಂಪನಿಯ ಮನೆಬಳಕೆಯ ಸಾಲಿನದು ಅದರ ವೃತ್ತಿಪರ ಸಾಲಿಗೆ ಕೂಡದಿರುವುದೂ ಉಂಟು. ಮೊದಲ ಡ್ರಿಲ್ಲನ್ನು ಕೊಂಡ ದಿನವೇ ನಾವು ಒಂದು ಮನೆತನದೊಡನೆ ಸಂಬಂಧ ಬೆಳೆಸಿದಂತೆ. ಸಂಬಂಧ ಬೆಳೆಸುವ ಮೊದಲು ಮನೆತನವನ್ನು ವಿಚಾರಿಸುವುದು ನಮ್ಮಲ್ಲಿ ವಾಡಿಕೆಯಲ್ಲವೇ? ಹಾಗೆಯೇ ಇಲ್ಲಿಯೂ ಮೈಸೂರಿನಲ್ಲಿ ದುರಸ್ತಿ ಕೇಂದ್ರವಿದೆಯೇ, ಬಿಡಿ ಬ್ಯಾಟರಿ ಸಿಗುತ್ತದೆಯೇ, ಮುಂದೆ ಬೇಕಾಗಬಹುದಾದ ಗರಗಸ, ರೂಟರುಗಳು ಅದೇ ಸಾಲಿನಲ್ಲಿವೆಯೇ ಎಂದು ವಿಚಾರಿಸಬೇಕು.

ಮೊದಲ ಬಾರಿಗೆ ಎರಡು ಬ್ಯಾಟರಿ, ಒಂದು ಚಾರ್ಜರು ಇರುವ ಪೆಟ್ಟಿಗೆಯನ್ನು ಕೊಳ್ಳುವುದು ಜಾಣತನ. ಒಂದು ದುಡಿಯುವಾಗ ಇನ್ನೊಂದು ತುಂಬಿಕೊಳ್ಳುತ್ತದೆ. ಮುಂದಿನ ಉಪಕರಣಗಳನ್ನು ಬ್ಯಾಟರಿಯಿಲ್ಲದೆ ಬರಿಯ ಒಡಲಷ್ಟನ್ನೇ ಕಡಿಮೆ ಬೆಲೆಗೆ ಕೊಳ್ಳಬಹುದು. ಆದರೆ ಬ್ಯಾಟರಿಗೆ ಆಯುಸ್ಸಿದೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಬೇಕು. ಕೆಲವು ನೂರು ಬಾರಿ ತುಂಬಿ ಬರಿದಾದ ಮೇಲೆ ಅದರ ಶಕ್ತಿ ಕುಂದುತ್ತದೆ. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ನಮ್ಮ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ಯಾವುದೋ ಅಗ್ಗದ ಕಂಪನಿಯ ನಾಲ್ಕು ಉಪಕರಣಗಳನ್ನು ಒಮ್ಮೆಗೇ ಕೊಂಡರು. ಕೆಲವು ವರ್ಷಗಳ ಬಳಿಕ ಬ್ಯಾಟರಿಗಳು ಸೋತವು. ಅಷ್ಟರಲ್ಲಿ ಆ ಮಾದರಿಯ ಬ್ಯಾಟರಿ ಪೇಟೆಯಿಂದ ಮಾಯವಾಗಿತ್ತು. ನಾಲ್ಕು ಮೋಟಾರುಗಳೂ ನೆಟ್ಟಗಿದ್ದರೂ ಇಂದು ಅವು ಅಟ್ಟದ ಮೇಲೆ ಕುಳಿತಿವೆ. ಅವರು ಹಿಂದೆ ಕೊಂಡಿದ್ದ ತಂತಿಯ ಡ್ರಿಲ್ಲು ಮಾತ್ರ ಇಂದಿಗೂ ಗೋಡೆ ಕೊರೆಯುತ್ತಿದೆ.

ವಿದೇಶದಲ್ಲಿರುವ ಮಕ್ಕಳಿಂದ ಉಪಕರಣಗಳನ್ನು ತರಿಸುವವರು ಒಂದನ್ನು ಗಮನಿಸಬೇಕು. ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟಿನದು. ಅಲ್ಲಿಯ ಬ್ಯಾಟರಿಯ ಡ್ರಿಲ್ಲು ಇಲ್ಲಿಯೂ ನಡೆಯುತ್ತದೆ. ಆದರೆ 120 ವೋಲ್ಟಿಗೆ ಮಾತ್ರ ಮಾಡಿದ ಅಲ್ಲಿಯ ಚಾರ್ಜರನ್ನು ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಯನ್ನು ಒಪ್ಪಿಸುವ ಸಾಮಾನಿನಲ್ಲಿ ಇಡುವಂತಿಲ್ಲ, ಕೈಚೀಲದಲ್ಲಿಯೇ ತರಬೇಕು. 100 ವ್ಯಾಟ್-ಗಂಟೆಗೆ ಮೀರಿದ್ದರೆ ವಿಮಾನ ಸಂಸ್ಥೆಯ ಅನುಮತಿ ಬೇಕು.

ಇಲ್ಲಿ ನಮ್ಮ ಕುಟುಂಬಗಳಿಗೆ ಒಂದು ವಿನಂತಿಯನ್ನು ಮಾಡಬಯಸುತ್ತೇವೆ. ಅಣ್ಣತಮ್ಮಂದಿರು, ಒಂದೇ ಬೀದಿಯ ನಾಲ್ಕು ಮನೆಯವರು ಒಡಗೂಡಿ ಒಂದೇ ಸಾಲಿನ ಬ್ಯಾಟರಿಯನ್ನು ಆರಿಸಿಕೊಂಡರೆ ಒಬ್ಬರ ಗರಗಸ, ಇನ್ನೊಬ್ಬರ ರೂಟರು, ಮತ್ತೊಬ್ಬರ ಬ್ಯಾಟರಿ ಎಲ್ಲರಿಗೂ ಒದಗುತ್ತವೆ. ವರ್ಷಕ್ಕೆ ನಾಲ್ಕು ದಿನ ಬಳಸುವ ಉಪಕರಣವನ್ನು ನಾಲ್ಕು ಮನೆಗಳಲ್ಲಿ ಬೀಗ ಹಾಕಿಡುವುದಕ್ಕಿಂತ ಒಂದನ್ನು ನಾಲ್ವರು ಹಂಚಿಕೊಳ್ಳುವುದು ಮಿತವ್ಯಯವೂ ಹೌದು, ದಾಸೋಹವೂ ಹೌದು. ದಾಸೋಹವೆಂದರೆ ಅನ್ನವೊಂದೇ ಎಂದು ಶರಣರು ಎಲ್ಲಿಯೂ ಮಿತಿ ಹಾಕಲಿಲ್ಲ.

ಕೈಯೂ ಮನೆಯೂ ಕ್ಷೇಮವಾಗಿರಲಿ

ತಂತಿಯ ಉಪಕರಣದ ಮೊದಲ ಭಯ ವಿದ್ಯುದಾಘಾತ. ಮಳೆಗಾಲದಲ್ಲಿ ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತು, ತೇಪೆ ಹಾಕಿದ ತಂತಿಯ ಗರಗಸವನ್ನು ಹಿಡಿಯುವುದು ಪ್ರಾಣದೊಡನೆ ಆಟವಾಡಿದಂತೆ. ಮನೆಯ ಮೀಟರಿನ ಬಳಿ 30 ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಬಲ್ಲವರಿಂದ ಹಾಕಿಸಬೇಕು. ಉದ್ದನೆಯ ತಂತಿ ದಪ್ಪನಾಗಿರಬೇಕು, ಸುರುಳಿಯಿಂದ ಪೂರ್ತಿ ಬಿಚ್ಚಿರಬೇಕು. ಸುತ್ತಿಟ್ಟ ತಂತಿ ಕಾಯುತ್ತದೆ, ತೆಳು ತಂತಿಯಲ್ಲಿ ವೋಲ್ಟೇಜು ಇಳಿದು ಮೋಟಾರೂ ಕಾಯುತ್ತದೆ. ಈ ಭಯದ ಬಹುಪಾಲನ್ನು ಬ್ಯಾಟರಿ ನೀಗಿಸುತ್ತದೆ; ಹಿರಿಯರಿರುವ ಮನೆಗೆ ಇದೊಂದೇ ಲಾಭ ಸಾಕು ಎನ್ನುವವರೊಡನೆ ನಾವು ವಾದಿಸುವುದಿಲ್ಲ. ಆದರೆ ಗೋಡೆಯೊಳಗೆ ಹುದುಗಿದ ವಿದ್ಯುತ್ ತಂತಿಗೆ ಬ್ಯಾಟರಿಯ ಡ್ರಿಲ್ಲು ತಗುಲಿದರೂ ಅಪಾಯವೇ. ಸ್ವಿಚ್ಚುಗಳ ನೇರ ಮೇಲೆ, ನೇರ ಕೆಳಗೆ ಎಂದೂ ಕೊರೆಯಬಾರದು.

ಬ್ಯಾಟರಿಯ ಉಪಕರಣದ ಭಯ ಬೇರೆ ಬಗೆಯದು. ತಂತಿಯ ಯಂತ್ರದ ಪ್ಲಗ್ಗು ಹೊರಗಿದ್ದರೆ ಅದು ಸತ್ತಂತೆಯೇ ಎಂದು ಕಣ್ಣು ಹೇಳುತ್ತದೆ. ಬ್ಯಾಟರಿಯದು ಮೇಜಿನ ಮೇಲೆ ಮಲಗಿದ್ದರೂ ಎಚ್ಚರವಾಗಿಯೇ ಇರುತ್ತದೆ. ಮಗುವಿನ ಬೆರಳು ಸ್ವಿಚ್ಚಿಗೆ ತಗುಲಿದರೆ ಸಾಕು. ಆದ್ದರಿಂದ ಅಲಗು ಬದಲಾಯಿಸುವಾಗ, ಕೆಲಸ ನಿಲ್ಲಿಸಿ ಏಳುವಾಗ ಬ್ಯಾಟರಿಯನ್ನು ಕಳಚಿ ಬೇರೆಡೆ ಇಡುವುದನ್ನು ಶಿವಪೂಜೆಯ ನಿಯಮದಂತೆ ತಪ್ಪದೆ ಪಾಲಿಸಬೇಕು.

ಚಾರ್ಜು ಮಾಡುವ ಸ್ಥಳವೂ ಮುಖ್ಯ. ಮರದ ಹೊಟ್ಟಿನ ರಾಶಿಯ ಪಕ್ಕದಲ್ಲಿ, ಹಾಸಿಗೆಯ ಮೇಲೆ, ಎಲ್ಲರೂ ಮಲಗಿದ ಮೇಲೆ ಚಾರ್ಜು ಮಾಡಬಾರದು. ಕಲ್ಲು ಹಾಸಿನ ಮೇಲೆ, ಕಣ್ಣಳತೆಯಲ್ಲಿ ಮಾಡಬೇಕು. ಕೆಲಸದಿಂದ ಬಿಸಿಯಾದ ಬ್ಯಾಟರಿ ತಣಿದ ಮೇಲೆಯೇ ಚಾರ್ಜರಿಗೆ ಹೋಗಲಿ. ಬೇಸಗೆಯ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬಾರದು. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧದಷ್ಟು ತುಂಬಿ ತಂಪಾದ ಒಣ ಜಾಗದಲ್ಲಿ ಇಡಬೇಕು. ಪೂರ್ತಿ ಬರಿದು ಮಾಡಿಯೇ ತುಂಬಬೇಕೆಂಬ ಹಳೆಯ ನಿಯಮ ಲಿಥಿಯಂಗೆ ಅನ್ವಯಿಸದು. ಉಬ್ಬಿದ, ಬಿರಿದ, ನೀರಿಗೆ ಬಿದ್ದ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಲೇಬಾರದು.

ಎರಡಕ್ಕೂ ಸಮಾನವಾದ ಇನ್ನೊಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಕಲ್ಲು ಕೊಯ್ಯುವ ಮಾರ್ಬಲ್ ಕಟರಿಗೂ ಕಬ್ಬಿಣ ಉಜ್ಜುವ ಗ್ರೈಂಡರಿಗೂ ಹಲ್ಲಿನ ಅಲಗು ಸಿಕ್ಕಿಸಿ ಮರ ಕೊಯ್ಯುವ ರೂಢಿ ನಮ್ಮ ಊರುಗಳಲ್ಲಿ ಹಬ್ಬಿದೆ. ಮರದ ಚಕ್ರ ಗರಗಸ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗಿದರೆ ಮಾರ್ಬಲ್ ಕಟರು 12,000 ಸುತ್ತುಗಳಿಗೂ ಮೇಲೆ ತಿರುಗುತ್ತದೆ. ಮರದ ಗಂಟಿಗೆ ಹಲ್ಲು ಸಿಕ್ಕಿಕೊಂಡರೆ ಯಂತ್ರ ಕೈಯಿಂದ ಚಿಮ್ಮುತ್ತದೆ. ವೃತ್ತಿಯ ಬಡಗಿಗಳೇ ಇದರಿಂದ ಬೆರಳು ಕಳೆದುಕೊಂಡಿರುವಾಗ ಹವ್ಯಾಸಿಗಳು ಈ ದಾರಿಯನ್ನು ತುಳಿಯಲೇಬಾರದು. ಬೀಟೆಯಂತಹ ಮರಗಳ ಸಣ್ಣ ಧೂಳು ಮೂಗು, ಚರ್ಮ, ಶ್ವಾಸಕೋಶಗಳನ್ನು ಕೆರಳಿಸುತ್ತದೆ. ಕನ್ನಡಕವೂ ಮುಖಕವಚವೂ ಬೇಕೇ ಬೇಕು. ಸಡಿಲವಾದ ಶಲ್ಯ, ಸೀರೆಯ ಸೆರಗು, ಉದ್ದ ಜಡೆ ಯಂತ್ರದ ಬಳಿ ಸುಳಿಯಬಾರದು.

ಮುಗಿದ ಬ್ಯಾಟರಿಯ ಗತಿ

ಸೋತ ಬ್ಯಾಟರಿಯನ್ನು ಮನೆಯ ಕಸದ ಬುಟ್ಟಿಗೆ ಎಸೆಯುವುದು ಅನೇಕರ ಅಭ್ಯಾಸ. ಕಸದ ಗಾಡಿಯಲ್ಲಿ ಅದು ಜಜ್ಜಿಹೋದರೆ ಬೆಂಕಿ ಹೊತ್ತಬಹುದು. ಅದನ್ನು ಬರಿಗೈಯಲ್ಲಿ ಆಯುವ ಪೌರಕಾರ್ಮಿಕರಿಗೆ ಗಾಯವಾಗಬಹುದು. 2022ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ಬಳಕೆದಾರರು ಅದನ್ನು ಮನೆಯ ಇತರ ಕಸದಿಂದ ಬೇರೆಯಾಗಿಟ್ಟು ಸಂಗ್ರಹಿಸುವವರಿಗೆ ತಲುಪಿಸಬೇಕು. ಬ್ಯಾಟರಿಯ ತುದಿಗಳಿಗೆ ಅಂಟುಪಟ್ಟಿ ಸುತ್ತಿ ದುರಸ್ತಿ ಕೇಂದ್ರಕ್ಕೋ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೋ ಕೊಡುವುದು ಒಳಿತು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ಊರು ನಮ್ಮದು. ಆ ಕೀರ್ತಿಯನ್ನು ಗಳಿಸಿಕೊಟ್ಟದ್ದು ಕಸ ಗುಡಿಸುವ ಕೈಗಳು. ಆ ಕೈಗಳನ್ನು ಕಾಯುವುದು ಕಾಯಕವನ್ನು ಗೌರವಿಸುವವರ ಮೊದಲ ಧರ್ಮ.

ಒಟ್ಟಿನಲ್ಲಿ ಹೇಳುವುದಾದರೆ, ಕೈಯೊಡನೆ ಚಲಿಸುವ ಹಗುರ ಉಪಕರಣಗಳಿಗೆ ಬ್ಯಾಟರಿ, ನಿಂತು ದುಡಿಯುವ ಭಾರದವುಗಳಿಗೆ ತಂತಿ, ಕಲಿಕೆಗೂ ಕುಸುರಿಗೂ ಬರಿಗೈ: ಮನೆಯ ಮರಗೆಲಸಕ್ಕೆ ಈ ಹದ ಸಾಕು. ಮೊದಲು ಒಂದು ಡ್ರಿಲ್ಲನ್ನು ಕೊಳ್ಳಿರಿ. ಅದರಿಂದ ಒಂದು ಕಪಾಟು ಮಾಡಿರಿ. ಮುಂದಿನದು ಬೇಕೇ ಎಂಬುದನ್ನು ಆ ಕಪಾಟೇ ಹೇಳುತ್ತದೆ. ಮಾಡಿದ ಮೊದಲ ಮಣೆಯನ್ನು ನೆರೆಮನೆಗೋ ಬಡಾವಣೆಯ ಶಾಲೆಗೋ ಕೊಟ್ಟು ನೋಡಿರಿ. ದುಡಿದ ಕೈಗೆ ಅದರಿಂದ ದೊರೆಯುವ ತೃಪ್ತಿ ಅಂಗಡಿಯ ಯಾವ ಪೆಟ್ಟಿಗೆಯಲ್ಲಿಯೂ ಮಾರಾಟಕ್ಕಿಲ್ಲ. ಓದುಗ ಬಂಧುಗಳ ಮನೆಗಳಲ್ಲಿ ಮರದ ಸುವಾಸನೆಯೂ ದುಡಿಮೆಯ ಸಂತೋಷವೂ ನೆಲೆಸಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.